ರಾಜಕೀಯ ಬೇಡ, ಅನುದಾನ ಬೇಕು

ಪ್ರಶ್ನೆ: 'ನಮಗೆ ಯಾವ ಪಕ್ಷವೂ ಇಲ್ಲ' ಎನ್ನುವ ಸ್ವಾಮೀಜಿಗಳೇ ಮಂತ್ರಿ, ಅಧಿಕಾರಿಗಳನ್ನು ಕರೆದು ಶಾಲು ಹೊದಿಸುತ್ತಾರೆ. ಮಠಕ್ಕೆ ಸರ್ಕಾರದಿಂದ ಎಷ್ಟು ಹಣ ಬಂತೆಂದು ತಿಳಿಯುವುದು ಹೇಗೆ?

ಉತ್ತರ: 2021ರ ಜುಲೈನಲ್ಲಿ ಯಡಿಯೂರಪ್ಪನವರ ಕುರ್ಚಿ ಉಳಿಸಲು ಮಠಾಧೀಶರು 'ಕಾವೇರಿ' ನಿವಾಸಕ್ಕೆ ಸಾಲುಗಟ್ಟಿದ್ದು ನೆನಪಿದೆಯಲ್ಲ, ಪಕ್ಷಾತೀತತೆ ಅಷ್ಟೇ! ಶಾಲಿಗೆ ಲೆಕ್ಕವಿಲ್ಲ, ಅನುದಾನಕ್ಕಿದೆ. ಮುಜರಾಯಿ ಇಲಾಖೆಯ ಮಾಹಿತಿ ಅಧಿಕಾರಿಗೆ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಆರ್‌ಟಿಐ ಅರ್ಜಿ ಹಾಕಿ. ಮಂಜೂರಾತಿ ಆದೇಶ, ಬಿಡುಗಡೆಯಾದ ಕಂತುಗಳು, ಹಣ ಬಳಕೆ ಪ್ರಮಾಣಪತ್ರ, ಇವುಗಳ ಪ್ರತಿ ಕೇಳಿ. 'ಯಾಕೆ ಕೊಟ್ಟಿರಿ' ಎಂದು ಬರೆದರೆ ಕೆಲಸ ಕೆಡುತ್ತದೆ; ಕಾಯ್ದೆಯಡಿ ಸಿಗುವುದು ದಾಖಲೆ, ಸಮಜಾಯಿಷಿ ಅಲ್ಲ. 150 ಪದ, ಒಂದೇ ವಿಷಯ ಮೀರಬೇಡಿ. ಹಣ ಬೇರೆ ಇಲಾಖೆಯದಾದರೆ ಅರ್ಜಿಯನ್ನು 5 ದಿನದೊಳಗೆ ಅವರೇ ವರ್ಗಾಯಿಸಬೇಕು. 30 ದಿನವಾದರೂ ಉತ್ತರವಿಲ್ಲವೇ? ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ.