ಬೇಸ್‌ಬಾಲ್‌ನಲ್ಲಿ ಹೆಚ್ಚು ಸಂಬಳ ಕೊಡುವ ತಂಡವೇ ಗೆಲ್ಲುತ್ತದೆಯೇ?

ಹಣದಿಂದ ಅನುಕೂಲವಿದೆ, ಆದರೆ ಗೆಲುವಿನ ಖಾತರಿಯಿಲ್ಲ. 2002ರಲ್ಲಿ ಆಟಗಾರರ ಸಂಬಳಕ್ಕೆ ಸುಮಾರು 4 ಕೋಟಿ ಡಾಲರ್ ವೆಚ್ಚ ಮಾಡಿದ ಓಕ್ಲೆಂಡ್ ಅಥ್ಲೆಟಿಕ್ಸ್ ತಂಡವೂ, ಅದರ ಸುಮಾರು ಮೂರು ಪಟ್ಟು ಸುರಿದ ನ್ಯೂಯಾರ್ಕ್ ಯಾಂಕೀಸ್ ತಂಡವೂ ಲೀಗ್ ಹಂತದಲ್ಲಿ ತಲಾ 103 ಪಂದ್ಯಗಳನ್ನು ಗೆದ್ದವು. ಉಳಿದವರು ಬ್ಯಾಟಿಂಗ್ ಸರಾಸರಿಗೂ ಮೈಕಟ್ಟಿಗೂ ಬೆಲೆ ಕಟ್ಟುತ್ತಿದ್ದಾಗ, ಓಕ್ಲೆಂಡ್‌ನ ಜನರಲ್ ಮ್ಯಾನೇಜರ್ ಬಿಲ್ಲಿ ಬೀನ್, ಹೊಡೆತದಿಂದಲೋ ವಾಕ್‌ನಿಂದಲೋ (ನಾಲ್ಕು ತಪ್ಪು ಎಸೆತಗಳಾದಾಗ ಸಿಗುವ ಉಚಿತ ಮುನ್ನಡೆ) ಔಟಾಗದೆ ಬೇಸ್ (ರನ್ ಗಳಿಸಲು ಓಡಿ ಮುಟ್ಟಬೇಕಾದ ನೆಲೆ) ತಲುಪುವ ಸಾಮರ್ಥ್ಯವು ಮಾರುಕಟ್ಟೆಯಲ್ಲಿ ಅಗ್ಗವಾಗಿ ಸಿಗುತ್ತಿದೆಯೆಂಬುದನ್ನು ಗುರುತಿಸಿ, ಅದರಲ್ಲಿ ಪಳಗಿದ್ದ, ಆದರೆ ಮೊಣಕೈ ಗಾಯದಿಂದ ಕ್ಯಾಚರ್ (ಬ್ಯಾಟರ್ ಹಿಂದೆ ನಿಂತು ಚೆಂಡು ಹಿಡಿಯುವವ) ಆಗಿ ಮುಂದುವರಿಯಲಾಗದ ಸ್ಕಾಟ್ ಹ್ಯಾಟೆಬರ್ಗ್ ಅವರನ್ನು ಮೊದಲ ಬೇಸ್ ಕಾಯಲು ತಂದು ನಿಲ್ಲಿಸಿದರು. ಆ ತಂಡದಲ್ಲಿ ಅತ್ಯುತ್ತಮ ಪಿಚರ್‌ಗಳೂ (ಚೆಂಡು ಎಸೆಯುವವರು) ಇದ್ದರೆಂಬುದನ್ನು ಈ ಕಥೆ ಹೇಳುವವರು ಮರೆಯುವುದುಂಟು. ಉಪಾಯ ಬಯಲಾದ ಮೇಲೆ ಸಿರಿವಂತ ತಂಡಗಳೂ ಅದನ್ನೇ ಹಿಡಿದದ್ದರಿಂದ ಆ ಅಗ್ಗದ ಬೆಲೆ ಉಳಿಯಲಿಲ್ಲ. ಇನ್ನು 2023ರಲ್ಲಿ ಎಲ್ಲರಿಗಿಂತ ಹೆಚ್ಚು ಸಂಬಳ ತೆತ್ತ ನ್ಯೂಯಾರ್ಕ್ ಮೆಟ್ಸ್ 87 ಪಂದ್ಯಗಳನ್ನು ಸೋತು ಪ್ಲೇಆಫ್‌ ಹಂತಕ್ಕೂ ಬರಲಿಲ್ಲ.