ಮನೆ ಖಾಲಿ ಮಾಡೋದು ಆಮೇಲೆ, ಅಮ್ಮ ಎಲ್ಲಿರ್ತಾರೆ ಅದನ್ನ ಮೊದಲು ಹೇಳಿ

ಪ್ರಶ್ನೆ: ಮೇಡಂ, ನನಗೆ 51 ವರ್ಷ, ಮೈಸೂರಲ್ಲೇ ಇದ್ದೀನಿ. ಅಪ್ಪ ತೀರ್ಕೊಂಡು 2 ವರ್ಷ ಆಯ್ತು. ಕುವೆಂಪುನಗರದಲ್ಲಿ ಅವರು 1984ರಲ್ಲಿ ಕಟ್ಟಿಸಿದ ಮನೇಲಿ ಈಗ 78 ವರ್ಷದ ಅಮ್ಮ ಒಬ್ಬರೇ. ಅಣ್ಣ ಬೆಂಗಳೂರಲ್ಲಿ, ತಂಗಿ ಅಮೆರಿಕದಲ್ಲಿ. ಮನೆ ಮಾರೋಣ ಅಂತ ಎಲ್ಲರೂ ಒಪ್ಪಿದ್ದೀವಿ, ಅಮ್ಮನೂ ಹೂಂ ಅಂದಿದ್ದಾರೆ. ಆದ್ರೆ ನಾನು ಶನಿವಾರ ಹೋಗಿ ಗುಜರಿಗೆ ಅಂತ ಮೂಟೆ ಕಟ್ಟಿಟ್ಟಿದ್ದು ಮುಂದಿನ ಶನಿವಾರದ ಹೊತ್ತಿಗೆ ವಾಪಸ್ ಅಟ್ಟ ಸೇರಿರತ್ತೆ. ಅಣ್ಣ ಹೇಳ್ತಾನೆ, 'ಅಮ್ಮನ್ನ ಹತ್ತು ದಿನ ನನ್ನ ಫ್ಲಾಟಿಗೆ ಕರ್ಕೊಂಡು ಬರ್ತೀನಿ, ಅಷ್ಟರಲ್ಲಿ ಎಲ್ಲ ಖಾಲಿ ಮಾಡಿಸಿ ಪೇಂಟು ಟೈಲ್ಸು ಮುಗಿಸಿಬಿಡು.' ಅದಕ್ಕೇ 4 ಲಕ್ಷ ಎಸ್ಟಿಮೇಟ್ ಬಂದಿದೆ. ಅಮ್ಮನಿಗೆ ಹೇಳದೆ ಮಾಡೋದು ಮೋಸ ಅನ್ಸತ್ತೆ, ಮಾಡದಿದ್ರೆ ನಿನ್ನಿಂದಲೇ ಲೇಟು ಅಂತಾನೆ. ಸಹಿ ಕೆಲಸ ಸುಲಭ ಆಗ್ಲಿ ಅಂತ ಅಮ್ಮನಿಂದ ಅವನ ಹೆಸರಿಗೆ ಒಂದು ರಿಲೀಸ್ ಡೀಡ್ (ಹಕ್ಕು ಬಿಟ್ಟುಕೊಡೋ ಪತ್ರ) ಬೇರೆ ಮಾಡಿಸ್ಕೋತಾನಂತೆ. ನಾನೇನು ಮಾಡ್ಲಿ?
ಹೆಸರು ಬೇಡ, ಮೈಸೂರು

ಉತ್ತರ: ನಿಮ್ಮ ಪತ್ರದಲ್ಲಿ ಅಟ್ಟ ಇದೆ, ಗುಜರಿ ಇದೆ, ಪೇಂಟಿನ ಎಸ್ಟಿಮೇಟ್ ಇದೆ, ಅಣ್ಣನ ಅವಸರ ಇದೆ, ಮನೆ ಮಾರಿದ ಮೇಲೆ ಅಮ್ಮ ಎಲ್ಲಿರ್ತಾರೆ ಅನ್ನೋದು ಮಾತ್ರ ಎಲ್ಲೂ ಇಲ್ಲ. ನೀವು ಬರೆಯೋಕೆ ಮರ್ತಿರಬಹುದು, ಆದ್ರೆ ನನ್ನ ಅನುಮಾನ ಏನು ಗೊತ್ತಾ, ನಿಮ್ಮನೇಲಿ ಇನ್ನೂ ಯಾರೂ ಅದನ್ನ ಬಾಯಿಬಿಟ್ಟು ಮಾತಾಡೇ ಇಲ್ಲ. ಅಣ್ಣನ ಫ್ಲಾಟಾ, ನಿಮ್ಮನೆಯಾ, ಆರು ತಿಂಗಳು ಅಲ್ಲಿ ಆರು ತಿಂಗಳು ಇಲ್ಲಿಯಾ? ಅದು ಗೊತ್ತಿಲ್ಲದೆ ಆ ಜೀವ ಯಾವ ಪಾತ್ರೆ ಇಟ್ಕೋಬೇಕು ಯಾವುದು ಬಿಡಬೇಕು ಅಂತ ಹೇಗೆ ನಿರ್ಧಾರ ಮಾಡತ್ತೆ ಹೇಳಿ, ಮುಂದೆ ತನಗೆ ಅಂತ ಒಂದು ಅಡುಗೆಮನೆ ಇರತ್ತೋ ಇಲ್ವೋ ಅನ್ನೋದೇ ಗೊತ್ತಿಲ್ಲದಿದ್ದಾಗ ಎಲ್ಲ ಪಾತ್ರೆನೂ ಬೇಕು ಅನ್ಸತ್ತೆ, ಮೂಟೆ ವಾಪಸ್ ಅಟ್ಟ ಹತ್ತತ್ತೆ. ಇದನ್ನ ಹಠ ಅಂತ ನಾನಂತೂ ಕರೆಯಲ್ಲ.

ಅಮ್ಮ ಹೂಂ ಅಂದಿದ್ದು ಮನೆ ಮಾರೋಕೆ ಅಷ್ಟೇ, ಸೂಟ್‌ಕೇಸ್ ಹಿಡ್ಕೊಂಡು ಮಕ್ಕಳ ಮನೆ ಸುತ್ತೋಕೆ ಅಲ್ಲ. ಹಾಗಾಗಿ ಮೊದಲ ಕೆಲಸ ಅವರ ಮುಂದಿನ ಮನೆ. ಅವರನ್ನೇ ಕೇಳಿ, ಅಣ್ಣ ತಂಗಿ ಇಲ್ಲದಾಗ ಒಬ್ಬರೇ ಕೂತು ಕೇಳಿ. ಬೆಂಗಳೂರು ಅಂದ್ರೆ ಈ ಮನೆ ಇನ್ನೂ ಇರೋವಾಗ್ಲೇ ಒಂದು ತಿಂಗಳು ಅಲ್ಲಿ ಇದ್ದು ನೋಡ್ಲಿ, ಬೇಡ ಅನ್ಸಿದ್ರೆ ವಾಪಸ್ ಬರೋಕೆ ಒಂದು ಬಾಗಿಲಿರಬೇಕು. ನನ್ನನ್ನ ಕೇಳಿದ್ರೆ ನಿಮ್ಮ ಮನೆ ಹತ್ರಾನೇ, ಅವರ ಡಾಕ್ಟ್ರು, ದೇವಸ್ಥಾನ, ಸೊಪ್ಪಿನವಳು ಎಲ್ಲ ಅದೇ ಇರೋ ಹಾಗೆ ನೆಲಮಹಡಿಯಲ್ಲಿ ಒಂದು ಚಿಕ್ಕ ಬಾಡಿಗೆ ಮನೆ ನೋಡಿ. ಸೇಲ್ ಆಗೋವರೆಗೂ ಬಾಡಿಗೆ ಮೂರೂ ಮಕ್ಕಳು ಹಂಚ್ಕೊಳ್ಳಿ, ಪೇಂಟಿಗೆ ಅಂತ ಎತ್ತಿಟ್ಟ 4 ಲಕ್ಷ ಇದೆಯಲ್ಲ, ಅದರಲ್ಲಿ ಎಷ್ಟು ತಿಂಗಳ ಬಾಡಿಗೆ ಆಗತ್ತೆ ಲೆಕ್ಕ ಹಾಕಿ ನೋಡಿ. ಅಲ್ಲಿ ಹಾಲು ಉಕ್ಕಿಸಿ, ಅಮ್ಮನಿಗೆ ಬೇಕಾದ್ದೆಲ್ಲ ಅವರ ಕೈಯಿಂದಲೇ ಆರಿಸಿ ಮೊದಲು ಅಲ್ಲಿಗೆ ಸಾಗಿಸಿ. ಹೀಗೆ ಮಾಡಿದ್ರೆ ಹಳೆ ಮನೇಲಿ ಉಳಿಯೋದು ಅವರಾಗಿಯೇ ಬಿಟ್ಟುಬಂದ ಸಾಮಾನು, ಅದನ್ನ ಖಾಲಿ ಮಾಡೋದು ಅಷ್ಟೊಂದು ಕಷ್ಟ ಅಲ್ಲ. ಆಷಾಢದಲ್ಲಿ ಮನೆ ಬದಲಾಯಿಸಲ್ಲ ಅಂದ್ರೆ ವಾದ ಮಾಡೋಕೆ ಹೋಗ್ಬೇಡಿ, ಹೇಗೂ ಆ ತಿಂಗಳು ಮನೆ ಕೊಳ್ಳೋರೂ ಕಡಿಮೆ, ಕಾಗದಪತ್ರ ಸರಿ ಮಾಡ್ಕೊಳ್ಳೋಕೆ ಆ ತಿಂಗಳು ಇಟ್ಕೊಳ್ಳಿ.

ಹತ್ತು ದಿನ ಕರ್ಕೊಂಡು ಹೋಗಿ ಹಿಂದಿನಿಂದ ಖಾಲಿ ಮಾಡೋ ಐಡಿಯಾ ಖಂಡಿತ ಬೇಡ. ಅಣ್ಣ ಕೆಟ್ಟವನು ಅಂತ ಅಲ್ಲ, ದೂರ ಇರೋರಿಗೆ ಎಲ್ಲ ಕೆಲಸನೂ ಎರಡು ದಿನದ್ದು ಅನ್ಸತ್ತೆ. ಆದ್ರೆ ವಾಪಸ್ ಬಂದಾಗ ದೇವರ ಮನೆ ಬಾಗಿಲು ತೆಗೆದು ಖಾಲಿ ಗೂಡು ನೋಡಿದ ಅಮ್ಮ ಆಮೇಲೆ ನೀವು ಸಹಿ ಹಾಕಿ ಅಂತ ಕೊಡೋ ಪ್ರತಿ ಕಾಗದಾನೂ ಅನುಮಾನದಿಂದಲೇ ನೋಡ್ತಾರೆ, ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ 'ನಂಗೆ ಇಷ್ಟ ಇಲ್ಲ' ಅಂದ್ಬಿಟ್ರೆ ಅಣ್ಣ ಉಳಿಸಿದ ಹತ್ತು ದಿನಕ್ಕೆ ಎರಡು ವರ್ಷ ಹೋಗತ್ತೆ.

ಇನ್ನು ಆ ರಿಲೀಸ್ ಡೀಡ್. ಪತ್ರದ ಕೊನೇಲಿ ಒಂದೇ ಸಾಲಲ್ಲಿ ಬರೆದು ಮುಗಿಸಿದ್ದೀರಿ, ನನಗೆ ಎಲ್ಲಕ್ಕಿಂತ ದೊಡ್ಡ ವಿಷಯ ಅನ್ಸಿದ್ದು ಅದೇ. ನಿಮ್ಮ ತಂದೆ ಸ್ವಂತ ದುಡಿಮೆಯಲ್ಲಿ ಮಾಡಿದ ಮನೆ, ವಿಲ್ ಬರೆದಿಲ್ಲ, ಅವರ ತಾಯಿ ಅವರಿಗಿಂತ ಮುಂಚೆನೇ ತೀರ್ಕೊಂಡಿದ್ರು ಅಂತ ತಿಳ್ಕೊಂಡು ಹೇಳ್ತಿದ್ದೀನಿ: 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅಮ್ಮನಿಗೆ, ನಿಮ್ಮ ಮೂರೂ ಜನಕ್ಕೆ ನಾಲ್ಕು ಸಮಪಾಲು. ಅಮ್ಮ ಅಣ್ಣನ ಹೆಸರಿಗೆ ರಿಲೀಸ್ ಮಾಡಿದ್ರೆ ಅವರ ಪಾಲು ಅವನದ್ದಾಯ್ತು, ಸೇಲ್ ದುಡ್ಡಲ್ಲಿ ಅವರದ್ದು ಅಂತ ಏನೂ ಉಳಿಯಲ್ಲ. ಸಹಿ ಸುಲಭ ಆಗೋಕೆ ಅದರ ಅಗತ್ಯನೇ ಇಲ್ಲ, ನಾಲ್ಕೂ ಜನ ನೇರವಾಗಿ ಕ್ರಯಪತ್ರಕ್ಕೇ ಸಹಿ ಹಾಕಬಹುದು. ಕಷ್ಟ ಇರೋದು ದೂರದ ತಂಗಿಗೆ, ಅವರು ನಿಮಗೆ ಜಿಪಿಎ, ಅಂದ್ರೆ ತಮ್ಮ ಪರವಾಗಿ ಸಹಿ ಹಾಕೋ ಅಧಿಕಾರಪತ್ರ, ಕೊಡ್ಲಿ, ಅಲ್ಲಿನ ಭಾರತೀಯ ಕಾನ್ಸುಲೇಟಲ್ಲಿ ಅಥವಾ ನೋಟರಿ ಪ್ಲಸ್ ಅಪೊಸ್ಟಿಲ್ (ಬೇರೆ ದೇಶದಲ್ಲಿ ಒಪ್ಪೋ ಸರ್ಕಾರಿ ದೃಢೀಕರಣ) ಮಾಡಿಸಿ ಕಳಿಸಲಿ, ಅದು ಇಲ್ಲಿಗೆ ತಲುಪಿದ 3 ತಿಂಗಳೊಳಗೆ ಸ್ಟಾಂಪ್ ಮಾಡಿಸ್ಬೇಕು, ಮರೀಬೇಡಿ. ಹಿರಿಯರನ್ನ ನೋಡ್ಕೊಳ್ಳದಿದ್ರೆ ಬರ್ಕೊಟ್ಟಿದ್ದು ರದ್ದು ಮಾಡಿಸಬಹುದಲ್ಲ, 2007ರ ಕಾಯ್ದೆ ಇದೆಯಲ್ಲ ಅಂತ ಯಾರಾದ್ರೂ ಧೈರ್ಯ ಹೇಳಬಹುದು. ಅದು ಕೆಲಸಕ್ಕೆ ಬರೋದು ನೋಡ್ಕೋತೀನಿ ಅನ್ನೋ ಷರತ್ತಿನ ಮೇಲೆ ಬರ್ಕೊಟ್ಟಿದ್ದಾಗ, ಮಾಮೂಲಿ ರಿಲೀಸ್ ಡೀಡಲ್ಲಿ ಆ ಮಾತು ಸಾಮಾನ್ಯವಾಗಿ ಇರೋದೇ ಇಲ್ಲ. ಅಮ್ಮನ ಕಾಲು ಭಾಗ ಅಮ್ಮನ ಅಕೌಂಟಿಗೇ ಬರಬೇಕು, ಅಲ್ಲಿಂದ ಅವರು ಮೊಮ್ಮಕ್ಕಳಿಗೆ ಕೊಡ್ತಾರೋ ತಿರುಪತಿ ಹುಂಡಿಗೆ ಹಾಕ್ತಾರೋ ಅವರಿಷ್ಟ.

ಕಾಗದದ ವಿಷಯಕ್ಕೆ ಬಂದ್ರೆ, 1984ರ ಮನೆ ಅಂತೀರಿ, ಸೈಟು ಸಿಐಟಿಬಿಯಿಂದ (ಆಗ ಸೈಟು ಹಂಚ್ತಿದ್ದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್) ಬಂದಿದ್ದಾ ನೋಡಿ, ಅದರ ಜಾಗಕ್ಕೆ ಬಂದ ಮುಡಾ, ಅಂದ್ರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ, ಹುಟ್ಟಿದ್ದೇ 1988ರಲ್ಲಿ. ಆ ಕಾಲದ ಅಲಾಟ್‌ಮೆಂಟ್ ಸೈಟುಗಳಲ್ಲಿ ಮೊದಲು ಲೀಸ್ ಕಂ ಸೇಲ್ ಅಗ್ರಿಮೆಂಟ್ ಮಾಡ್ಕೊಟ್ಟು, ವರ್ಷಗಳು ಕಳೆದ ಮೇಲೆ ಶುದ್ಧ ಕ್ರಯಪತ್ರ ಮಾಡ್ಕೊಡೋ ಪದ್ಧತಿ ಇತ್ತು. ಎಷ್ಟೋ ಅಪ್ಪಂದಿರು ಆ ಎರಡನೇದನ್ನ ಮಾಡಿಸ್ಕೊಂಡೇ ಇಲ್ಲ, ಮನೆ ಕಟ್ಟಾಯ್ತು ಕಂದಾಯ ಕಟ್ತಾ ಇದ್ದೀವಿ ಇನ್ನೇನು ಅಂತ. ಅದಿದೆಯಾ ಮೊದಲು ಹುಡುಕಿ, ಇಲ್ಲ ಅಂದ್ರೆ ಬೇರೆಲ್ಲ ಆಮೇಲೆ. ಆಮೇಲೆ ಡೆತ್ ಸರ್ಟಿಫಿಕೇಟ್, ನಾಡಕಚೇರಿಯಿಂದ ವಂಶವೃಕ್ಷ, ಅಪ್ಪನ ಹೆಸರಿಂದ ನಿಮ್ಮ ನಾಲ್ವರ ಹೆಸರಿಗೆ ಖಾತೆ, ಅದೂ ಇ-ಖಾತೆ (ಆನ್‌ಲೈನ್ ಖಾತೆ), ಈಗ ನಗರಗಳಲ್ಲೂ ಅದಿಲ್ಲದೆ ರಿಜಿಸ್ಟ್ರೇಷನ್ ಆಗಲ್ಲ. ಆಸ್ತಿ ಮೇಲೆ ಸಾಲ ಗೀಲ ಇದೆಯಾ ತೋರಿಸೋ ಇಸಿ (ಋಣಭಾರ ಪತ್ರ) ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಲ್ಲೇ ಸಿಗತ್ತೆ. ಸೈಟಿನ ಅಳತೆ ಪತ್ರದಲ್ಲಿರೋದಕ್ಕೂ ಕಾಂಪೌಂಡ್ ಇರೋ ಜಾಗಕ್ಕೂ ತಾಳೆ ಆಗತ್ತಾ ಟೇಪ್ ಹಿಡಿದು ನೋಡ್ಕೊಳ್ಳಿ, ಕೊಳ್ಳೋರು ಹೇಗೂ ಹಿಡೀತಾರೆ.

ಟ್ಯಾಕ್ಸಿಗೆ ಒಬ್ಬ ಒಳ್ಳೆ ಆಡಿಟರ್ ಹತ್ರ ಅಡ್ವಾನ್ಸ್ ತಗೊಳ್ಳೋಕೆ ಮುಂಚೆನೇ ಹೋಗಿ. ಹಳೆ ಆಸ್ತಿ ಆದ್ರಿಂದ ಲಾಭದ ಲೆಕ್ಕಕ್ಕೆ ಅಪ್ಪ ಆಗ ಹಾಕಿದ ದುಡ್ಡಿನ ಬದಲು 1-4-2001ರ ಮಾರುಕಟ್ಟೆ ಬೆಲೆಯನ್ನ ತಗೋಬಹುದು, ರಿಜಿಸ್ಟರ್ಡ್ ವ್ಯಾಲ್ಯುಯರ್ ರಿಪೋರ್ಟ್ ಬೇಕಾಗತ್ತೆ. ತಂಗಿ ಅಲ್ಲೇ ನೆಲೆಸಿರೋರು ಅಂದ್ರೆ ಅವರ ಪಾಲಿಗೆ ಟಿಡಿಎಸ್ (ಕೊಳ್ಳೋರು ದುಡ್ಡು ಕೊಡೋವಾಗ್ಲೇ ಹಿಡ್ಕೊಳ್ಳೋ ತೆರಿಗೆ) ಬೇರೆ ಲೆಕ್ಕ, ನಿಮಗೆ ಹಿಡಿಯೋ 1 ಪರ್ಸೆಂಟ್ ಅಲ್ಲ, ತುಂಬ ಜಾಸ್ತಿ, ಕಡಿಮೆ ಹಿಡಿಯೋ ಹಾಗೆ ಇನ್‌ಕಂ ಟ್ಯಾಕ್ಸಿಂದ ಸರ್ಟಿಫಿಕೇಟ್ ತರಿಸೋಕೆ ಟೈಮ್ ಬೇಕು. ಮತ್ತೆ 20,000 ಅಥವಾ ಮೇಲೆ ಕ್ಯಾಶಲ್ಲಿ ಅಡ್ವಾನ್ಸ್ ಮುಟ್ಟಬೇಡಿ, ಎಷ್ಟು ತಗೊಂಡ್ರೋ ಅಷ್ಟೇ ಪೆನಾಲ್ಟಿ ಬೀಳಬಹುದು.

ಪೇಂಟು, ಟೈಲ್ಸ್? ನಾನಾಗಿದ್ರೆ ಒಂದು ರೂಪಾಯಿ ಹಾಕ್ತಿರಲಿಲ್ಲ. ಕುವೆಂಪುನಗರದಲ್ಲಿ ನಲವತ್ತು ವರ್ಷದ ಮನೆ ಕೊಳ್ಳೋರು ಬಹುಪಾಲು ಸೈಟಿಗೆ ದುಡ್ಡು ಕೊಡ್ತಾರೆ, ಅಪ್ಪ ಹಾಕಿಸಿದ ರೆಡ್ ಆಕ್ಸೈಡ್ ನೆಲದ ಮೇಲೆ ನೀವು ಹಾಕಿಸೋ ಟೈಲ್ಸ್ ಜೆಸಿಬಿಗೆ ಹೋಗೋದು. ಟೆರೇಸ್ ಗುಡಿಸಿ, ಹಿತ್ತಲ ಗಿಡಗಂಟಿ ಸವರಿಸಿ, ಬಲ್ಬು ನಲ್ಲಿ ಕೆಲಸ ಮಾಡೋ ಹಾಗಿರಲಿ, ಮಳೆ ಸೋರೋ ಜಾಗ ಇದ್ರೆ ಮುಚ್ಚಿಡದೆ ಹೇಳಿ, ಸಾಕು. ಒಡೀತಾರೆ ಅನ್ನೋದನ್ನ ಅಮ್ಮನಿಗೂ ಈಗ್ಲೇ ಹೇಳಿ. ಕಷ್ಟದ ಮಾತು, ಗೊತ್ತು. ಆದ್ರೆ ಬ್ರೋಕರ್ ಜತೆ ಬಂದ ಯಾರೋ ಹಾಲಲ್ಲಿ ನಿಂತ್ಕೊಂಡು 'ಇದನ್ನೆಲ್ಲ ಕೆಡವಿ ಮೂರು ಫ್ಲೋರ್ ಏಳಿಸ್ಬೋದು, ಈಶಾನ್ಯ ಬೇರೆ ಕಟ್ ಆಗಿದೆ' ಅಂತ ಅವರ ಎದುರಿಗೇ ಅನ್ನೋದಕ್ಕಿಂತ ಮಗಳ ಬಾಯಲ್ಲಿ ಕೇಳೋದು ವಾಸಿ. ಮನೆ ತೋರಿಸೋ ಹೊತ್ತಿಗೆ ಅವರು ಬಾಡಿಗೆ ಮನೆಗೆ ಹೋಗಿದ್ರೆ ಆ ಮಾತುಗಳು ಕಿವಿಗೆ ಬೀಳೋದೂ ತಪ್ಪತ್ತೆ.

ಸಾಮಾನಿನ ವಿಷಯದಲ್ಲಿ ನೀವು ಕೇಳ್ತಿರೋ ಪ್ರಶ್ನೆನೇ ತಪ್ಪಿರಬಹುದು. 'ಅಮ್ಮ, ಇದು ಬೇಕಾ?' ಅಂದ್ರೆ ಆ ತಲೆಮಾರಿನ ಯಾವ ಹೆಂಗಸೂ ಬೇಡ ಅನ್ನಲ್ಲ. 'ಇದನ್ನ ಯಾರಿಗೆ ಕೊಡೋಣ?' ಅಂತ ಕೇಳಿ ನೋಡಿ. ಜೀವನಪೂರ್ತಿ ಬಾಗಿನ, ಉಡುಗೊರೆ, ಮುಯ್ಯಿ ಅಂತ ಯಾರಿಗೆ ಏನು ಕೊಡ್ಬೇಕು ಲೆಕ್ಕ ಇಟ್ಟೋರು, ತಕ್ಷಣ ಹೆಸರು ಬರತ್ತೆ, ದೊಡ್ಡ ಕೊಳಗ ಅಡುಗೆ ಭಟ್ಟರಿಗೆ, ಸ್ಟೀಲ್ ಡಬ್ಬ ಕೆಲಸದವಳ ಮಗಳ ಮದುವೆಗೆ, ಒರಳುಕಲ್ಲು ಊರಲ್ಲಿರೋ ತಮ್ಮನ ಮನೆಗೆ. ಹೆಸರು ಹೇಳಿದ್ದನ್ನ ಅವತ್ತೇ ತಲುಪಿಸಿ, ಅವರನ್ನೇ ಕರ್ಕೊಂಡು ಹೋಗಿ ಕೊಡಿಸಿ. ದಸರಾ ಗೊಂಬೆ ಇರಬೇಕಲ್ಲ, ಪಟ್ಟದ ಗೊಂಬೆ ಅಮ್ಮನ ಜತೆ ಹೋಗ್ಲಿ, ಮಿಕ್ಕಿದ್ದು ಗೊಂಬೆ ಕೂರಿಸೋ ಆಸೆ ಇರೋ ಹೊಸ ಮನೆಯೋರಿಗೆ, ಬೇಕಾದಷ್ಟು ಜನ ಸಿಗ್ತಾರೆ. ತಾಮ್ರದ ಹಂಡೆ ಹಿತ್ತಾಳೆ ಪಾತ್ರೆ ಮಾತ್ರ ಗುಜರಿಯವನ ತಕ್ಕಡಿಗೆ ಹಾಕ್ಬೇಡಿ, ಪಾತ್ರೆ ಅಂಗಡೀಲಿ ರೇಟ್ ಕೇಳಿ. ಅಪ್ಪನ ಕಾಗದದ ರಾಶಿನ ಕೆಜಿಗೆ ಕೊಡೋ ಮುಂಚೆ ಒಂದೊಂದು ಹಾಳೆ ತಿರುಗಿಸಿ, ಹಳೆ ಷೇರು ಸರ್ಟಿಫಿಕೇಟು, ಎಲ್‌ಐಸಿ ಬಾಂಡು, ಪೋಸ್ಟಾಫೀಸ್ ಪಾಸ್‌ಬುಕ್ಕು ಹಾಸಿಗೆ ಕೆಳಗೆ ಪಂಚಾಂಗದ ಒಳಗೆಲ್ಲ ಸಿಗ್ತವೆ, ನೀವು ಹುಡುಕ್ತಿರೋ ಕ್ರಯಪತ್ರನೂ ಅಲ್ಲೇ ಸಿಕ್ರೂ ಸಿಕ್ತು. ಅಪ್ಪನ ಬಟ್ಟೆ ಕನ್ನಡಕಕ್ಕೆ ಅಮ್ಮ ಹೇಳೋವರೆಗೂ ಕೈ ಹಾಕ್ಬೇಡಿ, ಒಂದು ಟ್ರಂಕು ಬಾಡಿಗೆ ಮನೇಲಿ ಎಷ್ಟು ಜಾಗ ತಿನ್ನತ್ತೆ.

ಶಿಫ್ಟ್ ಆದ ಮೇಲೆ ಗ್ಯಾಸ್ ಕನೆಕ್ಷನ್, ಆಧಾರ್ ವಿಳಾಸ, ಫ್ಯಾಮಿಲಿ ಪೆನ್ಷನ್ ಇದ್ರೆ ಬ್ಯಾಂಕಲ್ಲಿ ಹೊಸ ವಿಳಾಸ, ನವೆಂಬರಿನ ಲೈಫ್ ಸರ್ಟಿಫಿಕೇಟ್. ಕರೆಂಟಿನ ಸೆಸ್ಕ್ ಆರ್‌ಆರ್ ನಂಬರು, ನೀರಿನ ಕನೆಕ್ಷನ್ ಕೊಂಡೋರ ಹೆಸರಿಗೆ ಹೋಯ್ತಾ ಅಂತ ಆಮೇಲೆ ಒಂದ್ಸಲ ವಿಚಾರಿಸಿ.

ಅಣ್ಣನ ಜತೆ ಇದನ್ನೆಲ್ಲ ವಾಟ್ಸಾಪಲ್ಲಿ ತುಂಡು ತುಂಡಾಗಿ ಜಗಳ ಆಡ್ಬೇಡಿ. ಭಾನುವಾರ ತಂಗಿನೂ ಸೇರಿಸ್ಕೊಂಡು ವಿಡಿಯೋ ಕಾಲ್ ಮಾಡಿ, ಅಮ್ಮ ನಿಮ್ಮ ಪಕ್ಕದಲ್ಲೇ ಕೂತಿರಲಿ, ಬಾಡಿಗೆ ಮನೆ ಮಾತು ಮೊದಲು ತೆಗೀರಿ, ಪೇಂಟಿನ ದುಡ್ಡು ಅದಕ್ಕೆ ಅಂತ ಹೇಳಿ. ಖರ್ಚು ಉಳಿಯೋದು ಕೇಳಿದ್ರೆ ಅವನೂ ಅರ್ಧ ಒಪ್ತಾನೆ ನೋಡ್ತಿರಿ. ರಿಲೀಸ್ ಡೀಡ್ ಬೇಡ ಅಂತ ತಂಗಿ ಬಾಯಲ್ಲಿ ಹೇಳಿಸಿ, ನೀವು ಹೇಳಿದ್ರೆ ಆಸ್ತಿ ಆಸೆಗೆ ಅಂತಾನೆ, ದೂರದವರು ಹೇಳಿದ್ರೆ ಕೇಳಿಸ್ಕೋತಾನೆ, ಮನೆಮನೆಲೂ ಇದೇ ಕಥೆ. ಆದ್ರೂ ಬೇಕೇ ಬೇಕು ಅಂತ ಕೂತ್ರೆ ಅಮ್ಮನಿಗೆ ಅಂತಲೇ ಒಬ್ಬ ಲಾಯರ್ ನೋಡಿ, ಅಣ್ಣನ ಪರಿಚಯದವರೂ ಬೇಡ, ಬ್ರೋಕರ್ ತೋರಿಸಿದವರಂತೂ ಬೇಡವೇ ಬೇಡ, ಆ ಫೀಸನ್ನ ಅಮ್ಮನ ಕೈಯಿಂದಲೇ ಕೊಡಿಸಿ.