ನೆಕ್ 1968, ಪಾಟ್ 1966: ಸ್ಟ್ರಾಟ್ ಕಲಬೆರಕೆಯೇ?

ಕೊಳ್ಳಬೇಕೆಂದಿರುವ ಹಳೆಯ ಸ್ಟ್ರಾಟೋಕಾಸ್ಟರ್ (ಫೆಂಡರ್ ಕಂಪನಿಯ ಎಲೆಕ್ಟ್ರಿಕ್ ಗಿಟಾರ್) ಫೋಟೋ ಕಳಿಸಿ, ಅದು ಬೇರೆ ಬೇರೆ ಗಿಟಾರ್‌ಗಳ ಭಾಗ ಸೇರಿಸಿದ ಕಲಬೆರಕೆಯೇ ಎಂದು ಕೇಳಿದ್ದೀರಿ. ನೆಕ್ (ಗಿಟಾರ್‌ನ ಕತ್ತು) ಬುಡದಲ್ಲಿ 1968, ಪಾಟ್‌ಗಳ (ವಾಲ್ಯೂಮ್, ಟೋನ್ ನಾಬ್‌ಗಳ ಕೆಳಗಿನ ಬಿಡಿಭಾಗ) ಮೇಲೆ 1966 ಇದ್ದ ಮಾತ್ರಕ್ಕೆ ಅದು ಕಲಬೆರಕೆ ಅಲ್ಲ. ಫೆಂಡರ್ 1966ರಲ್ಲಿ ಪಾಟ್‌ಗಳನ್ನು ರಾಶಿಗಟ್ಟಲೆ ಕೊಂಡಿಟ್ಟಿತ್ತು, ಆಮೇಲೆ ವರ್ಷಗಟ್ಟಲೆ ಅವನ್ನೇ ಹಾಕಿತು. ಪಾಟ್ ಮೇಲಿನ 1376633 ಅಂದರೆ 137 ಅದನ್ನು ತಯಾರಿಸಿದ ಸಿಟಿಎಸ್ ಕಂಪನಿ, 66ನೇ ಇಸವಿ, 33ನೇ ವಾರ, ಅಷ್ಟೇ. ಪಾಟ್‌ಗಿಂತ ನೆಕ್ ತುಂಬಾ ಹಳೆಯದಾಗಿದ್ದರೆ ಆಗ ಅನುಮಾನ ಪಡಬೇಕಿತ್ತು. ಅಂದಹಾಗೆ, ನೆಕ್ ಮುದ್ರೆಯ ಕೊನೆಯ 'ಬಿ' ಗುಣಮಟ್ಟದ ದರ್ಜೆಯಲ್ಲ, ನಟ್ (ನೆಕ್ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಅಗಲದ ಗುರುತು.

ಮೊದಲು ತಂತಿ ಸಡಿಲಿಸಿ ಪಿಕ್‌ಗಾರ್ಡ್ (ಮುಂಭಾಗದ ಪ್ಲಾಸ್ಟಿಕ್ ಹಲಗೆ) ಎತ್ತಿ ಒಳಗಿನ ವೈರ್‌ಗಳ ಬೆಸುಗೆ ನೋಡಿ. ಹಳೆಯದು ಮಂಕಾಗಿರುತ್ತದೆ. ಒಂದೆರಡು ಕಡೆ ಮಾತ್ರ ಫಳಫಳ ಹೊಳೆದರೆ ಯಾರೋ ಕೈ ಹಾಕಿದ್ದಾರೆ. ಆದರೆ ಸುಮ್ನೆ ಜ್ಯಾಕ್ (ಕೇಬಲ್ ಚುಚ್ಚುವ ಜಾಗ) ರಿಪೇರಿಯೂ ಆಗಿರಬಹುದು, ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ವೈರ್‌ಗಳ ಬೆಸುಗೆಯೇ ಮುಖ್ಯ.

ಆಮೇಲೆ ಬಣ್ಣ. ಪಿಕಪ್ ಕೂರುವ ಕುಳಿಗಳಲ್ಲಿ, ನೆಕ್ ಕೂರುವ ಜಾಗದಲ್ಲಿ ಬೇರೆ ಬಣ್ಣ ಇಣುಕುತ್ತಿದೆಯಾ ನೋಡಿ. ಕತ್ತಲೆ ಕೋಣೆಯಲ್ಲಿ ಯುವಿ (ನೇರಳಾತೀತ) ಟಾರ್ಚ್ ಬಿಡಿ. ತೇಪೆ ಹಾಕಿದ ಜಾಗ ಬೇರೆಯಾಗಿ ಕಾಣುತ್ತದೆ. ನಿಮ್ಮ ಫೋಟೋದಲ್ಲಿ ಬಣ್ಣ ಮೂಲದ್ದೇ ಅನಿಸುತ್ತದೆ, ಫೋಟೋ ನೋಡಿ ಖಚಿತವಾಗಿ ಹೇಳಲಾಗದು.

ಹೆಡ್‌ಸ್ಟಾಕ್ (ನೆಕ್‌ನ ತುದಿಯ ತಲೆಭಾಗ) ಹಿಂದೆ ಜಾಸ್ತಿ ಸ್ಕ್ರೂ ತೂತುಗಳಿದ್ದರೆ ಟ್ಯೂನರ್ (ತಂತಿ ಬಿಗಿಸುವ ಕೀಲಿ) ಬದಲಾಗಿದೆ. ಹಿಂಭಾಗದಲ್ಲಿ ನೆಕ್ ಹಿಡಿದಿಡುವ ಪ್ಲೇಟ್ ಮೇಲಿನ ಸೀರಿಯಲ್ ನಂಬರ್ ನಂಬಬೇಡಿ, ನಾಲ್ಕು ಸ್ಕ್ರೂ ಬಿಚ್ಚಿದರೆ ಪ್ಲೇಟೇ ಬದಲಾಗುತ್ತದೆ ಅಲ್ವಾ? ಪೂರ್ತಿ ಮರುಬಣ್ಣ ಆಗಿದ್ದರೆ ಬೆಲೆ ಅರ್ಧದ ಹತ್ತಿರಕ್ಕೆ ಇಳಿಸಿ ಕೇಳಿ.